ಲೆಕ್ಕದ ಸಾಫ್ಟ್‌ವೇರ್‌ಗೂ ಆಫ್ ಸೀಸನ್ ರಿಪೇರಿ ಬೇಕು

ಮಾನ್ಯ ಸಂಪಾದಕರೇ,

ಸೈಬರ್ ವಂಚನೆಯ ಸುದ್ದಿ ನಿಮ್ಮ ಪತ್ರಿಕೆಯಲ್ಲಿ ಆಗಾಗ ಬರುತ್ತಿರುತ್ತದೆ. ಡಿಜಿಟಲ್ ಅರೆಸ್ಟ್ ಅಂತ ಹೆದರಿಸಿ ನಿವೃತ್ತರ ಉಳಿತಾಯ ದೋಚಿದರು, ಲಿಂಕ್ ಒತ್ತಿದ್ದಕ್ಕೆ ಖಾತೆ ಖಾಲಿಯಾಯಿತು, ಹೀಗೆ. ಕೊನೆಯಲ್ಲಿ ಪೊಲೀಸರ ಮನವಿ ಇರುತ್ತದೆ: ಒಟಿಪಿ ಹೇಳಬೇಡಿ, ಗೊತ್ತಿಲ್ಲದ ಲಿಂಕ್ ತೆರೆಯಬೇಡಿ, ಮೋಸ ಹೋದರೆ ತಕ್ಷಣ 1930ಕ್ಕೆ ಫೋನ್ ಮಾಡಿ. ಇದೆಲ್ಲ ಬೇಕಾದದ್ದೇ, ಎಷ್ಟು ಸಲ ಹೇಳಿದರೂ ಕಡಿಮೆಯೇ.

ಆದರೆ ಇನ್ನೊಂದು ಬಗೆಯ ಕಳ್ಳತನ ಇದೆ. ಅದರಲ್ಲಿ ಯಾರೂ ಒಟಿಪಿ ಹೇಳಿರುವುದಿಲ್ಲ, ಯಾರೂ ಲಿಂಕ್ ಒತ್ತಿರುವುದಿಲ್ಲ. ನೀವು ದುಡಿಯುವ ಕಂಪನಿ, ಕಬ್ಬು ಕಳಿಸುವ ಕಾರ್ಖಾನೆ, ಠೇವಣಿ ಇಟ್ಟ ಸಂಘ, ಇವುಗಳ ಲೆಕ್ಕದ ಸಾಫ್ಟ್‌ವೇರ್‌ನಲ್ಲೇ ತೂತು ಇರುತ್ತದೆ. ಕಳ್ಳ ಅಲ್ಲಿಂದ ಒಳಗೆ ಬರುತ್ತಾನೆ. ನಿಮ್ಮ ಹೆಸರು, ಬ್ಯಾಂಕ್ ಖಾತೆ ನಂಬರ್, ಪ್ಯಾನ್, ಎಲ್ಲ ಅಲ್ಲೇ ಇರುತ್ತದೆ ಅಲ್ವಾ? ನೀವು ಎಷ್ಟೇ ಹುಷಾರಾಗಿದ್ದರೂ ಅಲ್ಲಿ ನಿಮ್ಮ ಕೈಯಲ್ಲಿ ಏನೂ ಇಲ್ಲ. ಆ ತೂತು ಮುಚ್ಚುವ ಕೆಲಸ ಸಂಸ್ಥೆಯದು. ಅದರ ಬಗ್ಗೆ ನಮ್ಮ ಭಾಗದಲ್ಲಿ ಮಾತೇ ಆಗುತ್ತಿಲ್ಲ ಅಂತ ಈ ಪತ್ರ.

ನಾನು ಬೆಳಗಾವಿಯ ಉದ್ಯಮಬಾಗದ ಒಂದು ಕಾರ್ಖಾನೆಯ ಅಕೌಂಟ್ಸ್ ವಿಭಾಗದಲ್ಲಿದ್ದೇನೆ. ಇದಕ್ಕೂ ಮೊದಲು ಬಾಗಲಕೋಟೆ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಬಿಲ್ ನೋಡಿಕೊಳ್ಳುತ್ತಿದ್ದೆ. ನಾನು ಕಂಪ್ಯೂಟರ್ ಎಂಜಿನಿಯರ್ ಅಲ್ಲ. ಆದರೆ ಬೆಳಿಗ್ಗೆಯಿಂದ ಸಂಜೆವರೆಗೆ ನನ್ನ ಕೆಲಸ ಇರುವುದು ಆ ಸಾಫ್ಟ್‌ವೇರ್ ಒಳಗೇ. ಹಣ ಎಲ್ಲಿಂದ ಬರುತ್ತದೆ, ಯಾರ ಸಹಿಯ ಮೇಲೆ ಎಲ್ಲಿಗೆ ಹೋಗುತ್ತದೆ ಎನ್ನುವುದು ಗೊತ್ತು.

2025ರ ಸೆಪ್ಟೆಂಬರ್ 29ರಿಂದ ಹೊರದೇಶಗಳ ದೊಡ್ಡ ದೊಡ್ಡ ಸಂಸ್ಥೆಗಳ ಅಧಿಕಾರಿಗಳಿಗೆ ಬೆದರಿಕೆಯ ಇ-ಮೇಲ್‌ಗಳು ಬರತೊಡಗಿದವು. ಕಳಿಸಿದವರು ಕ್ಲಾಪ್ ಎಂಬ ಸೈಬರ್ ಕಳ್ಳರ ಗುಂಪಿನ ಹೆಸರು ಹೇಳಿಕೊಂಡಿದ್ದರು. ನಿಮ್ಮ ಒರಾಕಲ್ ಇ-ಬಿಸಿನೆಸ್ ಸೂಟ್‌ನಿಂದ ಫೈಲ್‌ಗಳನ್ನು ತೆಗೆದುಕೊಂಡಿದ್ದೇವೆ, ಹಣ ಕೊಡದಿದ್ದರೆ ಬಯಲು ಮಾಡುತ್ತೇವೆ ಎಂಬುದು ಅದರ ಸಾರ. ಇ-ಬಿಸಿನೆಸ್ ಸೂಟ್ ಅಂದರೆ ಖರೀದಿ, ಬಿಲ್ಲು, ಸಂಬಳ, ದಾಸ್ತಾನು ಎಲ್ಲವನ್ನೂ ಒಂದೇ ಕಡೆ ನಡೆಸುವ ಸಾಫ್ಟ್‌ವೇರ್. ನಮ್ಮಲ್ಲೂ ಅದೇ ಇದೆ.

ಅಕ್ಟೋಬರ್ 4, ಶನಿವಾರ. ಒರಾಕಲ್ ಕಂಪನಿ ತುರ್ತು ಎಚ್ಚರಿಕೆ ಹೊರಡಿಸಿತು. ದೋಷಕ್ಕೆ ಕೊಟ್ಟ ನಂಬರ್ ಸಿವಿಇ-2025-61882. ತೀವ್ರತೆ 10ಕ್ಕೆ 9.8. ಆವೃತ್ತಿ 12.2.3ರಿಂದ 12.2.14ರವರೆಗೆ ಎಲ್ಲದರಲ್ಲೂ ಈ ದೋಷ ಇತ್ತು. ಒಳಗೆ ನುಗ್ಗಲು ಯೂಸರ್ ನೇಮ್ ಬೇಡ, ಪಾಸ್‌ವರ್ಡ್ ಬೇಡ. ಸರ್ವರ್, ಅಂದರೆ ಈ ಸಾಫ್ಟ್‌ವೇರ್ ಓಡುವ ಮುಖ್ಯ ಕಂಪ್ಯೂಟರ್, ಇಂಟರ್‌ನೆಟ್‌ಗೆ ತೆರೆದುಕೊಂಡಿದ್ದರೆ ಸಾಕು.

ನಮ್ಮ ಐಟಿಯವರು ವಿವರಿಸಿದ್ದನ್ನು ಸರಳವಾಗಿ ಹೇಳುತ್ತೇನೆ. ಈ ಸಾಫ್ಟ್‌ವೇರ್‌ನಲ್ಲಿ ಬಿಲ್ಲು, ಚೆಕ್ಕು, ಸಂಬಳದ ಚೀಟಿ ಪ್ರಿಂಟ್ ಮಾಡುವ ಒಂದು ಭಾಗ ಇದೆ. ಬಿಐ ಪಬ್ಲಿಷರ್ ಅಂತ ಹೆಸರು. ಹೆಸರು ಎಲ್ಲಿ ಬರಬೇಕು, ಮೊತ್ತ ಎಲ್ಲಿ ಬರಬೇಕು ಎಂದು ಹೇಳುವ ನಮೂನೆಗೆ ಟೆಂಪ್ಲೇಟ್ ಅನ್ನುತ್ತಾರೆ. ಕಳ್ಳರು ಬಿಲ್ಲಿನ ನಮೂನೆ ಎಂದು ಸಾಫ್ಟ್‌ವೇರ್ ನಂಬುವಂತೆ ಒಂದು ಟೆಂಪ್ಲೇಟ್ ಒಳಗೆ ತೂರಿಸುತ್ತಿದ್ದರು. ಅದರಲ್ಲಿ ಇದ್ದದ್ದು ಮಾತ್ರ ಅವರ ಆದೇಶಗಳು. ಸರ್ವರ್ ಆ ಟೆಂಪ್ಲೇಟನ್ನು ತೆರೆದು ನೋಡಿದ ಕ್ಷಣವೇ ಆ ಆದೇಶಗಳು ಓಡುತ್ತಿದ್ದವು. ಆಮೇಲೆ ಸರ್ವರ್ ಅವರದ್ದೇ.

ಅದು ದಸರಾ ಮುಗಿದ ಮಾರನೇ ವಾರಾಂತ್ಯ. ಗುರುವಾರ ಬನ್ನಿ ಕೊಟ್ಟು ಬಂಗಾರದ್ಹಂಗ ಇರೋಣ ಅಂದು ಎಲ್ಲರೂ ಊರಿಗೆ ಹೋಗಿದ್ದರು. ಖಂಡೇ ಪೂಜೆಗೆ ಕಟ್ಟಿದ ಚೆಂಡು ಹೂವಿನ ಮಾಲೆ ಸರ್ವರ್ ಕೋಣೆಯ ಬಾಗಿಲಲ್ಲಿ ಹಾಗೇ ಇತ್ತು. ವಿಷಯ ನಮಗೆ ಮುಟ್ಟುವಷ್ಟರಲ್ಲಿ ಭಾನುವಾರ. ನಮ್ಮ ಐಟಿ ಮುಖ್ಯಸ್ಥರು ಗೋಕಾಕದಿಂದ ವಾಪಸ್ ಬಂದರು. ಯಾರ ಅಪ್ಪಣೆಗೂ ಕಾಯದೆ ಮೊದಲು ಮಾಡಿದ ಕೆಲಸ ಒಂದೇ. ಸರಬರಾಜುದಾರರು ಹೊರಗಿನಿಂದ ಲಾಗಿನ್ ಆಗುವ ಪೋರ್ಟಲ್ ಬಂದ್ ಮಾಡಿದರು. ಸೋಮವಾರ ಬೆಳಿಗ್ಗೆ ಕೊಲ್ಹಾಪುರದ ಶಿರೋಲಿಯಿಂದ, ಹುಬ್ಬಳ್ಳಿಯಿಂದ ಫೋನ್ ಮೇಲೆ ಫೋನ್. ಪೋರ್ಟಲ್ ತೆರೆಯುತ್ತಿಲ್ಲ, ನಮ್ಮ ಪೇಮೆಂಟ್ ಕಥೆ ಏನು ಅಂತ. ಉತ್ತರ ಕೊಡುವ ಕೆಲಸ ನನ್ನದಾಗಿತ್ತು. ಎರಡು ದಿನ ತಡವಾಗುತ್ತದೆ, ಆದರೆ ನಿಮ್ಮ ಖಾತೆ ನಂಬರ್ ಸುರಕ್ಷಿತವಾಗಿರುತ್ತದೆ ಎಂದು ಬಿಡಿಸಿ ಹೇಳಿದಾಗ ಒಬ್ಬರೂ ಜಗಳ ಮಾಡಲಿಲ್ಲ. ಇದನ್ನು ಮಾಲೀಕರು ಗಮನಿಸಬೇಕು. ಬಂದ್ ಮಾಡಿದರೆ ಜನ ಸಿಟ್ಟಾಗುತ್ತಾರೆ ಅನ್ನುವ ಭಯ ನಮಗೇ ಜಾಸ್ತಿ.

ಎರಡನೆಯದು, ಸರ್ವರ್‌ನಿಂದ ಹೊರಗೆ ಹೋಗುವ ದಾರಿಯನ್ನೂ ಕಟ್ಟಿದರು. ಈ ಸೂಕ್ಷ್ಮ ನನಗೆ ಬಹಳ ಮುಖ್ಯ ಅನ್ನಿಸಿತು. ಒಳಗೆ ಬರುವವರನ್ನು ತಡೆಯುವ ಬಗ್ಗೆ ಎಲ್ಲರೂ ಯೋಚಿಸುತ್ತಾರೆ. ಆದರೆ ಈ ದಾಳಿ ಪೂರ್ತಿಯಾಗಬೇಕಾದರೆ ನಮ್ಮ ಸರ್ವರ್ ತಾನಾಗಿ ಕಳ್ಳರ ಸರ್ವರ್‌ಗೆ ಹೋಗಿ ಅವರ ಫೈಲ್ ತರಬೇಕು. ಲೆಕ್ಕದ ಸರ್ವರ್‌ಗೆ ಇಂಟರ್‌ನೆಟ್‌ನಲ್ಲಿ ಅಡ್ಡಾಡುವ ಕೆಲಸ ಏನಿದೆ? ಬ್ಯಾಂಕ್, ಜಿಎಸ್‌ಟಿ, ಇ-ವೇ ಬಿಲ್, ಹೀಗೆ ಬೇಕಾದ ನಾಲ್ಕೈದು ವಿಳಾಸ ಬಿಟ್ಟು ಉಳಿದದ್ದೆಲ್ಲ ಬಂದ್ ಇದ್ದರೆ ಸಾಕು. ಇದಕ್ಕೆ ಹೊಸ ಯಂತ್ರ ಕೊಳ್ಳಬೇಕಿಲ್ಲ. ಇರುವ ಫೈರ್‌ವಾಲ್‌ನಲ್ಲೇ ಆಗುತ್ತದೆ.

ಆಮೇಲೆ ಪ್ಯಾಚ್, ಅಂದರೆ ದೋಷ ಸರಿಪಡಿಸಲು ಕಂಪನಿ ಕೊಡುವ ತೇಪೆ, ಹಾಕುವ ಸರದಿ. ಬಹಳ ಸಂಸ್ಥೆಗಳು ಸಿಕ್ಕಿಹಾಕಿಕೊಳ್ಳಬಹುದಾದ ಜಾಗ ಇದು. ಅಕ್ಟೋಬರ್ 4ರ ಪ್ಯಾಚ್ ಹಾಕಬೇಕಾದರೆ 2023ರ ಅಕ್ಟೋಬರ್‌ನ ಪ್ಯಾಚ್ ಮೊದಲೇ ಹಾಕಿರಬೇಕು ಎಂಬ ಷರತ್ತು ಇತ್ತು. ಒರಾಕಲ್ ಮೂರು ತಿಂಗಳಿಗೊಮ್ಮೆ, ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್‌ನಲ್ಲಿ, ಪ್ಯಾಚ್‌ಗಳ ಗಂಟು ಬಿಡುಗಡೆ ಮಾಡುತ್ತದೆ. ಆಮೇಲೆ ನೋಡಿದರಾಯ್ತು ಎಂದು ಎರಡು ವರ್ಷ ಮುಂದೂಡಿದವರಿಗೆ ಆ ಭಾನುವಾರ ಔಷಧಿ ಕೈಯಲ್ಲಿದ್ದರೂ ಕುಡಿಯುವಂತಿರಲಿಲ್ಲ. ಮೊದಲು ಹಳೆಯದನ್ನು ಹಾಕಬೇಕು, ಅದು ಸರಿ ಹೋಯಿತಾ ನೋಡಬೇಕು, ಆಮೇಲೆ ಹೊಸದು. ಅಷ್ಟರಲ್ಲಿ ದಾಳಿ ಮಾಡುವ ಕೋಡ್ ಟೆಲಿಗ್ರಾಂನಲ್ಲಿ ಯಾರಿಗೆ ಬೇಕಾದರೂ ಸಿಗುವಂತಾಗಿತ್ತು. ನಮ್ಮಲ್ಲಿ 2023ರದ್ದು ಆಗಿತ್ತು, ಹಾಗಾಗಿ ಬೇಗ ಮುಗಿಯಿತು. ಮತ್ತೆ ಅದೇ ತಿಂಗಳ 11ರಂದು ಇನ್ನೊಂದು ಎಚ್ಚರಿಕೆ, ಸಿವಿಇ-2025-61884. ತೀವ್ರತೆ 7.5. ಅದಕ್ಕೂ ಪಾಸ್‌ವರ್ಡ್ ಬೇಕಿರಲಿಲ್ಲ. ಅದನ್ನೂ ಹಾಕಿದರು.

ಪ್ಯಾಚ್ ಹಾಕಿದ ಮೇಲೆ ಕೆಲಸ ಮುಗಿಯಿತು ಅಂದುಕೊಳ್ಳುವವರೇ ಜಾಸ್ತಿ. ಪ್ಯಾಚ್ ತೂತು ಮುಚ್ಚುತ್ತದೆ. ಆಗಲೇ ಒಳಗೆ ಬಂದವನನ್ನು ಹೊರಗೆ ಹಾಕುವುದಿಲ್ಲ. ಗೂಗಲ್‌ನ ತಜ್ಞರು ಹೇಳಿದ ಪ್ರಕಾರ ಈ ದೋಷದ ದುರ್ಬಳಕೆ 2025ರ ಆಗಸ್ಟ್ 9ರಷ್ಟು ಹಿಂದೆಯೇ ಶುರುವಾಗಿರಬಹುದು. ಎಚ್ಚರಿಕೆ ಬಂದದ್ದು ಅಕ್ಟೋಬರ್ 4ಕ್ಕೆ. ನಡುವೆ ಎರಡು ತಿಂಗಳಿಗೆ ಹತ್ತಿರ. ಅದಕ್ಕೇ ನಮ್ಮವರು ಡೇಟಾಬೇಸ್‌ನಲ್ಲಿ ಟೆಂಪ್ಲೇಟ್‌ಗಳ ಪಟ್ಟಿ ತೆಗೆದರು. ಟಿಎಂಪಿ ಅಥವಾ ಡಿಇಎಫ್ ಅಕ್ಷರಗಳಿಂದ ಶುರುವಾಗುವ ಹೆಸರು ಇದ್ದರೆ ಅನುಮಾನ ಪಡಿ ಎಂದು ಆ ತಜ್ಞರು ಸೂಚಿಸಿದ್ದರು. ಪಟ್ಟಿಯನ್ನು ಪ್ರಿಂಟ್ ತೆಗೆದು ನನ್ನ ಟೇಬಲ್‌ಗೆ ತಂದರು. ಯಾಕೆಂದರೆ ಯಾವ ನಮೂನೆ ನಮ್ಮದು, ಯಾವುದು ಅಲ್ಲ ಎಂದು ಗುರುತಿಸಬಲ್ಲವರು ಅಕೌಂಟ್ಸ್‌ನವರೇ. ಇದು ಡೆಬಿಟ್ ನೋಟ್, ಇದು ಟಿಡಿಎಸ್ ಪತ್ರ, ಇದು ಹಳೇ ಮ್ಯಾನೇಜರ್ ಕಾಲದ ವೋಚರ್ ಎಂದು ಒಂದೊಂದಾಗಿ ಪೆನ್ಸಿಲ್‌ನಿಂದ ಗುರುತು ಹಾಕಿದೆವು. ನಮ್ಮದಲ್ಲದ್ದು ಒಂದೂ ಸಿಗಲಿಲ್ಲ. ಇದು ಬರೀ ಐಟಿಯವರ ಕೆಲಸ ಅಲ್ಲ ಅನ್ನುವುದು ಅವತ್ತು ನಮ್ಮ ವಿಭಾಗದ ಎಲ್ಲರಿಗೂ ಗೊತ್ತಾಯಿತು.

ಇನ್ನು ಲಾಗ್ ಫೈಲ್‌ಗಳು. ಯಾರು ಯಾವಾಗ ಬಂದರು, ಏನು ತೆರೆದರು ಎಂಬುದರ ದಾಖಲೆ. ಜಾಗ ಉಳಿಸಲು ಅದನ್ನು ತಿಂಗಳಿಗೊಮ್ಮೆ ಅಳಿಸುವ ರೂಢಿ ಬಹಳ ಕಡೆ ಇದೆ. ಹಾಗೆ ಮಾಡಿದ್ದರೆ ಅಕ್ಟೋಬರ್‌ನಲ್ಲಿ ಕೂತು ಆಗಸ್ಟ್‌ನಲ್ಲಿ ಏನಾಯಿತು ಎಂದು ಹುಡುಕುವುದು ಹೇಗೆ? ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸಿಇಆರ್‌ಟಿ-ಇನ್ 2022ರ ಏಪ್ರಿಲ್ 28ರಂದೇ ನಿರ್ದೇಶನ ಕೊಟ್ಟಿದೆ. ಲಾಗ್‌ಗಳನ್ನು 180 ದಿನ ಇಡಬೇಕು, ಇಂಥ ಘಟನೆ ಗೊತ್ತಾದ 6 ಗಂಟೆಯೊಳಗೆ ಆ ಸಂಸ್ಥೆಗೆ ತಿಳಿಸಬೇಕು. ಎಷ್ಟು ಕಾರ್ಖಾನೆಗಳ ಆಡಳಿತ ಮಂಡಳಿಗೆ ಇದು ಗೊತ್ತಿದೆ? ನಾನು ಪರಿಚಯದವರನ್ನು ಕೇಳಿ ನೋಡಿದ್ದೇನೆ. 6 ಗಂಟೆ ಅಂದರೆ ನಕ್ಕು ಸುಮ್ಮನಾಗುತ್ತಾರೆ.

ಇದರಿಂದ ಯಾರಿಗೆ ಏನಾಯಿತು ಎಂದು ಕೇಳುವವರಿಗೆ ಒಂದೆರಡು ಉದಾಹರಣೆ. ಅಮೆರಿಕದ ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯಲ್ಲಿ 9,700ಕ್ಕೂ ಜಾಸ್ತಿ ಹಾಲಿ ಮತ್ತು ಮಾಜಿ ನೌಕರರು, ಗುತ್ತಿಗೆದಾರರ ಮಾಹಿತಿ ಹೋಯಿತು. ಅದರಲ್ಲಿ ಬ್ಯಾಂಕ್ ಖಾತೆ ನಂಬರ್‌ಗಳೂ ಇದ್ದವು. ಕೆಲಸ ಬಿಟ್ಟು ಹೋದವರದೂ ಹೋಯಿತು ಎಂಬುದನ್ನು ನೋಡಿ. ಲಂಡನ್ನಿನ ಬಾರ್ಟ್ಸ್ ಹೆಲ್ತ್ ಎಂಬ ಸರ್ಕಾರಿ ಆಸ್ಪತ್ರೆಗಳ ಸಂಸ್ಥೆಯಲ್ಲಿ, ಚಿಕಿತ್ಸೆಗೆ ಹಣ ಕಟ್ಟಿದವರ ಹೆಸರು, ವಿಳಾಸ ಇದ್ದ ಬಿಲ್ಲುಗಳು ಆಗಸ್ಟ್‌ನಲ್ಲಿ ಕಳುವಾಗಿದ್ದವು. ಅವರಿಗೆ ಅದು ಗೊತ್ತಾದದ್ದು ನವೆಂಬರ್‌ನಲ್ಲಿ, ಆ ಫೈಲ್‌ಗಳು ಡಾರ್ಕ್ ವೆಬ್‌ನಲ್ಲಿ ಕಾಣಿಸಿಕೊಂಡ ಮೇಲೆ. ಹಾರ್ವರ್ಡ್ ವಿಶ್ವವಿದ್ಯಾಲಯ, ಎನ್‌ವಾಯ್ ಏರ್ ವಿಮಾನ ಸಂಸ್ಥೆಗಳೂ ತಮಗೆ ತಟ್ಟಿದೆ ಎಂದು ಒಪ್ಪಿಕೊಂಡವು. ಇದು ಒಂದೇ ಕಂಪನಿಯ ಸಾಫ್ಟ್‌ವೇರ್‌ನ ಕಥೆಯೂ ಅಲ್ಲ. ಅದೇ 2025ರ ಏಪ್ರಿಲ್‌ನಲ್ಲಿ ಸ್ಯಾಪ್ ಎಂಬ ಇನ್ನೊಂದು ಕಂಪನಿಯ ನೆಟ್‌ವೀವರ್ ಸಾಫ್ಟ್‌ವೇರ್‌ನಲ್ಲಿ ತೀವ್ರತೆ 10ಕ್ಕೆ 10 ಇರುವ ದೋಷ ಸಿಕ್ಕಿತ್ತು. ಅಲ್ಲೂ ಪಾಸ್‌ವರ್ಡ್ ಇಲ್ಲದೆ ಫೈಲ್ ಒಳಗೆ ಹಾಕಬಹುದಿತ್ತು. ಅಲ್ಲೂ ಪ್ಯಾಚ್ ಬರುವ ಮೊದಲೇ ಕಳ್ಳರು ಬಂದು ಹೋಗಿದ್ದರು.

ಅಮೆರಿಕ, ಲಂಡನ್ ನಮಗೆ ದೂರ ಅನ್ನಿಸಬಹುದು. ಪುಣೆ ದೂರವಿಲ್ಲ. 2018ರ ಆಗಸ್ಟ್ 11 ಮತ್ತು 13ರಂದು ಅಲ್ಲಿನ ಕಾಸ್ಮಾಸ್ ಸಹಕಾರಿ ಬ್ಯಾಂಕಿನ 94 ಕೋಟಿ ರೂಪಾಯಿ ಹೋಯಿತು. ಎಟಿಎಂನಿಂದ ಹಣ ಕೊಡಲು ಒಪ್ಪಿಗೆ ನೀಡುವ ಬ್ಯಾಂಕಿನ ಸ್ವಿಚ್ ವ್ಯವಸ್ಥೆಗೇ ಕುತಂತ್ರಾಂಶ ಸೇರಿಸಿ 28 ದೇಶಗಳಲ್ಲಿ ಹಣ ತೆಗೆದರು. ಒಬ್ಬ ಠೇವಣಿದಾರನೂ ಅಲ್ಲಿ ಒಟಿಪಿ ಹೇಳಿರಲಿಲ್ಲ. 2024ರ ಜುಲೈ ಕೊನೆಯಲ್ಲಿ ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳಿಗೆ ತಂತ್ರಜ್ಞಾನ ಒದಗಿಸುವ ಸಿ-ಎಡ್ಜ್ ಕಂಪನಿಯ ಮೇಲೆ ರಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ಕುತಂತ್ರಾಂಶ) ದಾಳಿಯಾಯಿತು. ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ, ಎಟಿಎಂ ನಿಂತುಹೋಯಿತು. ಆ ಬ್ಯಾಂಕುಗಳು ತಾವಾಗಿ ಏನೂ ಮಾಡಿರಲಿಲ್ಲ.

ಈಗ ನಮ್ಮ ಊರಿನ ಮಾತಿಗೆ ಬರುತ್ತೇನೆ. ನಾನು ಮೊದಲಿದ್ದ ಸಕ್ಕರೆ ಕಾರ್ಖಾನೆಯಲ್ಲಿ ಸಾಫ್ಟ್‌ವೇರ್ ಪ್ಯಾಚ್ ವಿಷಯ ಎತ್ತಿದರೆ ಒಂದೇ ಉತ್ತರ. "ನಡೀಲಿಕತ್ತೇತಲ್ಲ, ಸುಮ್ನ ಯಾಕ್ ಕೈ ಹಚ್ತೀರಿ?" ನವೆಂಬರ್‌ನಲ್ಲಿ ಕೇಳಿದರೆ ಸೀಸನ್ ನಡೆದಿದೆ. ಮಾರ್ಚ್‌ನಲ್ಲಿ ಕೇಳಿದರೆ ಮಾರ್ಚ್ ಎಂಡಿಂಗ್. ಜೂನ್‌ನಲ್ಲಿ ಕೇಳಿದರೆ ಆಡಿಟ್. ಆದರೆ ಅದೇ ಕಾರ್ಖಾನೆಯಲ್ಲಿ ಕಬ್ಬು ನುರಿಸುವುದು ನಿಂತ ವಾರವೇ ಮಿಲ್ ಬಿಚ್ಚುತ್ತಿದ್ದರು. ರೋಲರ್ ಕೆಳಗಿಳಿಸಿ ಹಲ್ಲು ನೋಡುತ್ತಿದ್ದರು, ಬೇರಿಂಗ್ ಬದಲಿಸುತ್ತಿದ್ದರು, ಬಾಯ್ಲರ್ ತಪಾಸಣೆಗೆ ಇನ್‌ಸ್ಪೆಕ್ಟರ್ ಬರುತ್ತಿದ್ದರು. ಮಿಲ್ ಚೆನ್ನಾಗೇ ನಡೆದಿದೆ, ಯಾಕೆ ಬಿಚ್ಚುತ್ತೀರಿ ಎಂದು ಒಬ್ಬರೂ ಕೇಳುತ್ತಿರಲಿಲ್ಲ. ಸೀಸನ್ ನಡುವೆ ನಿಂತರೆ ಟ್ರ್ಯಾಕ್ಟರ್‌ಗಳ ಸಾಲು ಎಷ್ಟು ಉದ್ದ ಆಗುತ್ತದೆ ಎಂದು ಎಲ್ಲರಿಗೂ ಗೊತ್ತು. ಲೆಕ್ಕದ ಸಾಫ್ಟ್‌ವೇರ್‌ಗೂ ಅದೇ ನ್ಯಾಯ ಬೇಕು. ಅದು ಸೀಸನ್ ನಡುವೆ ನಿಂತರೆ ರೈತನ ಬಿಲ್ ನಿಲ್ಲುತ್ತದೆ. ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ ಎಂದು 1966ರ ಕಬ್ಬು ನಿಯಂತ್ರಣ ಆದೇಶವೇ ಹೇಳುತ್ತದೆ. ಕಂಪ್ಯೂಟರ್ ಹಾಳಾಗಿತ್ತು ಎಂದು ರೈತನಿಗೆ ಹೇಳಲು ಯಾರಿಗೆ ಮುಖ ಇದೆ?

ಕೆಲಸ ನಿಲ್ಲುತ್ತದೆ ಎಂಬ ನೆಪ ಕೂಡ ಈಗ ಅಷ್ಟಾಗಿ ನಡೆಯುವುದಿಲ್ಲ. ಇ-ಬಿಸಿನೆಸ್ ಸೂಟ್ 12.2ರಲ್ಲಿ ಜನ ಕೆಲಸ ಮಾಡುತ್ತಿರುವಾಗಲೇ ಪಕ್ಕದಲ್ಲಿ ಇನ್ನೊಂದು ಪ್ರತಿಗೆ ಪ್ಯಾಚ್ ಹಾಕುವ ವ್ಯವಸ್ಥೆ ಇದೆ. ನಿಲ್ಲಿಸಬೇಕಾದದ್ದು ಕೊನೆಯಲ್ಲಿ ಹಳೆಯದರಿಂದ ಹೊಸದಕ್ಕೆ ಬದಲಾಗುವ ಹೊತ್ತು ಮಾತ್ರ. ಭಾನುವಾರ ರಾತ್ರಿ ಮಾಡಿದರೆ ಸೋಮವಾರ ಯಾರಿಗೂ ತಿಳಿಯುವುದೂ ಇಲ್ಲ.

ನನಗೆ ಜಾಸ್ತಿ ಚಿಂತೆ ಇರುವುದು ದೊಡ್ಡ ಕಂಪನಿಗಳ ಬಗ್ಗೆ ಅಲ್ಲ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಗಳಲ್ಲಿ ಊರೂರಿಗೆ ಪತ್ತಿನ ಸಹಕಾರಿ ಸಂಘಗಳಿವೆ, ಸೌಹಾರ್ದಗಳಿವೆ. ನಗರ ಸಹಕಾರಿ ಬ್ಯಾಂಕುಗಳಿಗಾದರೂ ರಿಸರ್ವ್ ಬ್ಯಾಂಕ್ 2019ರ ಡಿಸೆಂಬರ್ 31ರಂದು ನಾಲ್ಕು ಹಂತಗಳ ಸೈಬರ್ ಭದ್ರತಾ ನಿಯಮ ಮಾಡಿದೆ. ಪತ್ತಿನ ಸಂಘಗಳು ರಿಸರ್ವ್ ಬ್ಯಾಂಕ್ ಕೆಳಗೆ ಬರುವುದಿಲ್ಲ. ಅಲ್ಲಿ ಸಾಫ್ಟ್‌ವೇರ್ ಕೊಟ್ಟವನು ದೂರದ ಊರಲ್ಲಿ ಕೂತಿರುತ್ತಾನೆ. ರಿಪೇರಿಗೆ ಅಂತ ಹಾಕಿಕೊಂಡ, ದೂರದಿಂದಲೇ ಕಂಪ್ಯೂಟರ್ ನಡೆಸಲು ಬಿಡುವ ಎನಿಡೆಸ್ಕ್ ಹಗಲು ರಾತ್ರಿ ತೆರೆದೇ ಇರುತ್ತದೆ. ಕ್ಯಾಷಿಯರ್, ಕ್ಲರ್ಕ್, ಮ್ಯಾನೇಜರ್ ಮೂವರಿಗೂ ಒಂದೇ ಪಾಸ್‌ವರ್ಡ್. ಬ್ಯಾಕಪ್ ಅಂದರೆ ಅದೇ ಕಂಪ್ಯೂಟರ್‌ಗೆ ಚುಚ್ಚಿಟ್ಟ ಪೆನ್ ಡ್ರೈವ್. ರಾನ್ಸಮ್‌ವೇರ್ ಬಂದರೆ ಎರಡೂ ಒಟ್ಟಿಗೇ ಹೋಗುತ್ತವೆ. ಅಲ್ಲಿ ಇಟ್ಟಿರುವುದು ಮಗಳ ಮದುವೆಗೆ, ಬೋರ್‌ವೆಲ್‌ಗೆ, ಮನೆ ಕಟ್ಟಲಿಕ್ಕೆ ಎಂದು ಕೂಡಿಸಿದ ಹಣ.

ಇಂಥ ಕಡೆ ದೊಡ್ಡ ಖರ್ಚು ಬೇಡ. ಎನಿಡೆಸ್ಕ್ ಬೇಕಾದಾಗ ತೆರೆದು ಕೆಲಸ ಮುಗಿದ ಮೇಲೆ ಮುಚ್ಚಲಿ. ಒಬ್ಬೊಬ್ಬರಿಗೆ ಒಂದೊಂದು ಪಾಸ್‌ವರ್ಡ್ ಇರಲಿ. ವಾರಕ್ಕೊಮ್ಮೆ ಬ್ಯಾಕಪ್ ತೆಗೆದು ವೈರ್ ಬಿಚ್ಚಿ ಬೀರುವಿನಲ್ಲಿಡಲಿ. ಮೂರು ತಿಂಗಳಿಗೊಮ್ಮೆ ಆ ಬ್ಯಾಕಪ್‌ನಿಂದ ಲೆಕ್ಕ ನಿಜವಾಗಿ ವಾಪಸ್ ಬರುತ್ತದಾ ಎಂದು ಬೇರೆ ಕಂಪ್ಯೂಟರ್‌ನಲ್ಲಿ ತೆರೆದು ನೋಡಲಿ. ಬಹಳ ಜನ ಬ್ಯಾಕಪ್ ತೆಗೆಯುತ್ತಾರೆ, ತೆರೆದು ನೋಡುವವರು ಕಡಿಮೆ.

ದೊಡ್ಡದಿರಲಿ ಸಣ್ಣದಿರಲಿ, ಅಕೌಂಟ್ಸ್‌ನವರು ಬಿಡದೆ ಪಾಲಿಸಬೇಕಾದ ಒಂದು ಪದ್ಧತಿ ಇದೆ. ಯಾವುದೇ ರೈತನ, ಸರಬರಾಜುದಾರನ, ನೌಕರನ ಬ್ಯಾಂಕ್ ಖಾತೆ ನಂಬರ್ ಬದಲಾದರೆ, ಮೊದಲಿನಿಂದ ನಮ್ಮಲ್ಲಿರುವ ಹಳೇ ಫೋನ್ ನಂಬರಿಗೆ ಕರೆ ಮಾಡಿ ಕೇಳಬೇಕು. ಬದಲಾವಣೆ ಕೋರಿದ ಇ-ಮೇಲ್‌ನಲ್ಲೇ ಇರುವ ನಂಬರಿಗಲ್ಲ. ಬದಲಿಸುವವರು ಒಬ್ಬರು, ಮಂಜೂರು ಮಾಡುವವರು ಇನ್ನೊಬ್ಬರು ಇರಬೇಕು. ಕಳ್ಳ ಸಾಫ್ಟ್‌ವೇರ್ ಒಳಗೆ ಬಂದರೂ, ಕದ್ದ ಮಾಹಿತಿ ಹಿಡಿದು ನಕಲಿ ಪತ್ರ ಬರೆದರೂ, ಹಣ ಹೊರಗೆ ಹೋಗುವ ಮುಂಚೆ ಒಬ್ಬ ಮನುಷ್ಯನ ದನಿ ಅಡ್ಡ ಬರುತ್ತದೆ. ನಮ್ಮಲ್ಲಿ ಇದನ್ನು ಮಾಡುತ್ತೇವೆ. ಬೇಸರದ ಕೆಲಸ. ಆದರೂ ಮಾಡುತ್ತೇವೆ.

ಸಂಘಗಳ ಸದಸ್ಯರಲ್ಲಿ, ಸಹಕಾರಿ ಸಕ್ಕರೆ ಕಾರ್ಖಾನೆಗಳ ಷೇರುದಾರರಲ್ಲಿ ನನ್ನ ಕೋರಿಕೆ ಇದು. ಈ ಸಲದ ವಾರ್ಷಿಕ ಸಾಮಾನ್ಯ ಸಭೆಯಲ್ಲಿ ಲಾಭಾಂಶ ಎಷ್ಟು ಎಂದು ಕೇಳುವಾಗ ಇದನ್ನೂ ಕೇಳಿ. ನಮ್ಮ ಲೆಕ್ಕದ ಸಾಫ್ಟ್‌ವೇರ್‌ಗೆ ಕೊನೆಯ ಪ್ಯಾಚ್ ಯಾವ ತಾರೀಖಿಗೆ ಹಾಕಿದಿರಿ? ಅದು ಹೊರಗಿನ ಇಂಟರ್‌ನೆಟ್‌ಗೆ ತೆರೆದಿದೆಯಾ? ಈ ಕೆಲಸಕ್ಕೆ ಹೆಸರು ಹೇಳಿ ನೇಮಿಸಿದ ವ್ಯಕ್ತಿ ಯಾರು? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ, ಮಾಹಿತಿ ಕಾಪಾಡಲು ತಕ್ಕ ಕ್ರಮ ತೆಗೆದುಕೊಳ್ಳದವರಿಗೆ 250 ಕೋಟಿ ರೂಪಾಯಿವರೆಗೆ ದಂಡ ಎನ್ನುತ್ತದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಿದ್ದಿವೆ, ಹಂತ ಹಂತವಾಗಿ ಜಾರಿಗೆ ಬರುತ್ತಿವೆ. ನಿರ್ದೇಶಕರಿಗೆ ಇದನ್ನೂ ನೆನಪಿಸಿ.

ತಮ್ಮಲ್ಲೂ ಒಂದು ವಿನಂತಿ. ಸಿಇಆರ್‌ಟಿ-ಇನ್ ಹೊರಡಿಸುವ ಎಚ್ಚರಿಕೆಗಳು ಇಂಗ್ಲಿಷ್‌ನಲ್ಲಿ ಬರುತ್ತವೆ. ನಮ್ಮ ಸಂಘಗಳ ಕಾರ್ಯದರ್ಶಿಗಳ ಕಣ್ಣಿಗೆ ಅವು ಬೀಳುವುದಿಲ್ಲ. ಆದರೆ ಅವರು ದಿನಾ ಬೆಳಿಗ್ಗೆ ನಿಮ್ಮ ಪತ್ರಿಕೆ ಓದುತ್ತಾರೆ. ವಾಣಿಜ್ಯ ಪುಟದಲ್ಲಿ ಚಿನ್ನ ಬೆಳ್ಳಿ ದರದ ಪಕ್ಕ ವಾರಕ್ಕೊಮ್ಮೆ ನಾಲ್ಕು ಸಾಲು ಕೊಡಿ. ಯಾವ ಸಾಫ್ಟ್‌ವೇರ್, ಯಾವ ಆವೃತ್ತಿ, ಏನು ಮಾಡಬೇಕು, ಇಷ್ಟೇ. ಬರೆದುಕೊಡಲು ಜನ ಬೇಕಿದ್ದರೆ ಬೆಳಗಾವಿಯಲ್ಲೇ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಇದೆ, ಕಂಪ್ಯೂಟರ್ ಸೈನ್ಸ್ ಓದುವ ಮಕ್ಕಳಿದ್ದಾರೆ. ಅಕೌಂಟ್ಸ್‌ನವರ ಭಾಷೆಗೆ ಅದನ್ನು ತಿದ್ದಿಕೊಡಲು ನಾನು ಸಿದ್ಧ.

ಇಂತಿ,
ಅಕೌಂಟ್ಸ್ ವಿಭಾಗದ ಉದ್ಯೋಗಿ
ಟಿಳಕವಾಡಿ, ಬೆಳಗಾವಿ